ಕಥೆ ಒಪ್ಪಿಸುವ ಮಕ್ಕಳು

ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸುವವರ ನಡುವೆ ಶಾರ್ಲೆಟ್ ಮೇಸನ್ ಹೆಸರಿಗೆ ಇವತ್ತು ಸಲ್ಲುತ್ತಿರುವುದು ಹೆಚ್ಚುಕಡಿಮೆ ಗುರುಪೀಠದ ಗೌರವ. ಒಣ ಪಠ್ಯಪುಸ್ತಕ ಬೇಡ, ವಿಷಯ ಬಲ್ಲವರು ಮನಸ್ಸಿಟ್ಟು ಬರೆದ ‘ಜೀವಂತ ಪುಸ್ತಕ’ ತನ್ನಿ, ಮಗುವಿಗೆ ಓದಿ ಹೇಳಿ, ಕೇಳಿದ್ದನ್ನು ಮಗು ತನ್ನ ಮಾತಲ್ಲಿ ತಿರುಗಿ ಹೇಳಲಿ, ಪುಸ್ತಕದ ಪ್ರೀತಿ ತಾನಾಗಿ ಹುಟ್ಟುತ್ತದೆ ಎಂಬುದು ಆಕೆಯ ಹೆಸರಲ್ಲಿ ಹರಿದಾಡುವ ಬೋಧೆಯ ಸಾರ. 1842ರಲ್ಲಿ ಹುಟ್ಟಿ 1923ರಲ್ಲಿ ತೀರಿಕೊಂಡ ಈ ಇಂಗ್ಲಿಷ್ ಶಿಕ್ಷಕಿಯನ್ನು ಲೋಕ ಹೆಚ್ಚುಕಡಿಮೆ ಮರೆತೇಬಿಟ್ಟಿತ್ತು. 1984ರಲ್ಲಿ ಸುಸಾನ್ ಶೇಫರ್ ಮೆಕಾಲೆ ‘ಫಾರ್ ದ ಚಿಲ್ಡ್ರನ್ಸ್ ಸೇಕ್’ ಬರೆದ ಮೇಲೆ ಅಮೆರಿಕದ ಹೋಮ್‌ಸ್ಕೂಲಿಂಗ್ ಕುಟುಂಬಗಳು ಆಕೆಯನ್ನು ಮತ್ತೆ ಎತ್ತಿ ಕೂರಿಸಿದವು. ಅಲ್ಲಿಂದ ಹೊರಟ ಪಟ್ಟಿಗಳು, ವೇಳಾಪಟ್ಟಿಗಳು ನಮ್ಮ ಬೆಂಗಳೂರಿನ ಅಪಾರ್ಟ್‌ಮೆಂಟುಗಳವರೆಗೂ ಬಂದಿವೆ. ಮೇಸನ್ ಗಂಭೀರ ಶಿಕ್ಷಣಚಿಂತಕಿ, ಅನುಮಾನವಿಲ್ಲ. ಆದರೆ ಮಕ್ಕಳಿಗೆ ಪುಸ್ತಕದ ಹುಚ್ಚು ಹಿಡಿಸುವ ಉಪಾಯ ಕಂಡುಹಿಡಿದವರು ಎಂಬ ಖ್ಯಾತಿ ಇದೆಯಲ್ಲ, ಅದು ಊದಿಸಿದ್ದು. ಆ ಖ್ಯಾತಿಗೆ ಆಧಾರವಾದ ಉಪಾಯವೇ ಪ್ರೀತಿಗೆ ಅಡ್ಡ ಬರುವಂಥದ್ದು ಎಂಬುದು ನನ್ನ ತಕರಾರು.

ಪುಸ್ತಕದ ಆಯ್ಕೆಯ ಬಗ್ಗೆ ಆಕೆಯ ಜೊತೆ ನನಗೆ ಜಗಳವಿಲ್ಲ. ಮಕ್ಕಳಿಗೆ ಇಷ್ಟೇ ಸಾಕು ಎಂದು ನೀರು ಬೆರೆಸಿದ ಬರಹವನ್ನು ಆಕೆ ‘ಟ್ವಾಡಲ್’ ಎಂದು ಜರೆದರು. ಪಂಜೆ ಮಂಗೇಶರಾಯರನ್ನೂ ಜಿ.ಪಿ. ರಾಜರತ್ನಂ ಅವರನ್ನೂ ಓದಿ ಬೆಳೆದ ಭಾಷೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಕ್ಕಳಿಗೆಂದು ‘ಬಾಲ ಪ್ರಪಂಚ’ದ ಸಂಪುಟಗಳನ್ನು ಬರೆಯಲು ಕೂತ ಕಾರಂತರೂ ಮಗುವನ್ನು ಅರ್ಧ ಮನುಷ್ಯ ಎಂದುಕೊಂಡವರಲ್ಲ. ವಿಷಯ ಬೇರೆ ಇದೆ. ಪುಸ್ತಕ ಎಷ್ಟೇ ಜೀವಂತವಾಗಿರಲಿ, ಓದಿ ಮುಗಿಸಿದ ಮರುಗಳಿಗೆಯಲ್ಲಿ ಮಗುವಿಗೆ ಏನಾಗುತ್ತದೆ?

ಆ ಮರುಗಳಿಗೆಗೆ ಮೇಸನ್ ಇಟ್ಟ ಹೆಸರು ‘ನರೇಶನ್’. 1886ರ ‘ಹೋಮ್ ಎಜುಕೇಶನ್’ನಿಂದ ಹಿಡಿದು ಸಾವಿನ ನಂತರ 1925ರಲ್ಲಿ ಹೊರಬಂದ ಕೊನೆಯ ಸಂಪುಟದವರೆಗೆ ಆಕೆ ಕೈಬಿಡದ ತತ್ವ ಅದು. ನಿಯಮಗಳು ಸರಳ. ಪಾಠದ ಭಾಗವನ್ನು ಒಂದೇ ಸಲ ಓದಬೇಕು. ಎರಡನೇ ಸಲ ಓದುತ್ತಾರೆಂದು ಗೊತ್ತಾದರೆ ಮಗು ಮೊದಲನೇ ಸಲ ಕಿವಿಗೊಡುವುದಿಲ್ಲ. ಓದಿದ ಮೇಲೆ ಮಗು ಕೇಳಿದ್ದನ್ನೆಲ್ಲ ಹೇಳಬೇಕು, ಆಗ ದೊಡ್ಡವರು ಮಧ್ಯೆ ಬಾಯಿ ಹಾಕಬಾರದು, ತಿದ್ದಬಾರದು. ಸಣ್ಣಪುಟ್ಟ ಪ್ರಶ್ನೆ ಕೇಳಿ ಕೆದಕುವ ಮೇಷ್ಟರ ಚಟಕ್ಕಿಂತ ಇದು ನೂರು ಪಾಲು ಮೇಲು ಎಂದು ಭಕ್ತರು ಹೇಳುತ್ತಾರೆ. ಸರಿಯೇ. ಆದರೆ ಈ ಕ್ರಿಯೆಗೆ ಕನ್ನಡದಲ್ಲಿ ಹೊಸ ಪದ ಹುಡುಕುವ ಮೊದಲು ಇರುವ ಪದವೊಂದನ್ನು ನೋಡಬೇಕು: ಒಪ್ಪಿಸುವುದು. ಮಗ್ಗಿ ಒಪ್ಪಿಸು, ಪದ್ಯ ಒಪ್ಪಿಸು, ಪಾಠ ಒಪ್ಪಿಸು ಎನ್ನುತ್ತೇವೆ. ಅದೇ ಕ್ರಿಯಾಪದದಲ್ಲಿ ಲೆಕ್ಕವನ್ನೂ ಒಪ್ಪಿಸುತ್ತೇವೆ, ಕಳ್ಳನನ್ನೂ ಪೊಲೀಸರಿಗೆ ಒಪ್ಪಿಸುತ್ತೇವೆ. ತನ್ನ ವಶಕ್ಕೆ ಬಂದದ್ದನ್ನು ಅಧಿಕಾರ ಇರುವವರ ಕೈಗೆ ವಾಪಸು ಕೊಡುವುದು ಅದರ ಅರ್ಥ. ಮೇಸನ್ ಉರು ಹೊಡೆಸಲಿಲ್ಲ, ಮಗುವಿನ ಸ್ವಂತ ಮಾತು ಕೇಳಿದರು ಎಂಬುದು ನಿಜ. ಆದರೂ ಕೊಟ್ಟವರಿಗೇ ತಿರುಗಿ ಕೊಡುವ ಸಂಬಂಧ ಹಾಗೇ ಉಳಿಯಿತು. ಕೇಳಿದ ಕಥೆ ಸಾಲವಾಯಿತು, ತೀರಿಸುವ ಗಡುವು ಕಥೆ ಮುಗಿದ ತಕ್ಷಣ.

ಕಾಗಕ್ಕ ಗುಬ್ಬಕ್ಕನ ಕಥೆಯನ್ನೇ ತೆಗೆದುಕೊಳ್ಳಿ. ಮಳೆಗೆ ಕಾಗಕ್ಕನ ಸಗಣಿ ಮನೆ ಕೊಚ್ಚಿಹೋಗುತ್ತದೆ, ಗುಬ್ಬಕ್ಕನ ಕಲ್ಲಿನ ಮನೆ ಉಳಿಯುತ್ತದೆ. ಕಾಗಕ್ಕ ಬಂದು ಬಾಗಿಲು ಬಡಿದರೆ ಗುಬ್ಬಕ್ಕ ಒಂದಾದ ಮೇಲೊಂದು ನೆಪ ಹೇಳುತ್ತಾಳೆ: ಮಗುವಿಗೆ ನೀರು ಹಾಕುತ್ತಿದ್ದೇನೆ, ಕಾಡಿಗೆ ಹಚ್ಚುತ್ತಿದ್ದೇನೆ, ತೊಟ್ಟಿಲು ತೂಗುತ್ತಿದ್ದೇನೆ. ಕಥೆಯ ರುಚಿಯೆಲ್ಲ ಈ ತಡೆಯಲ್ಲಿದೆ. ಮುಂದಿನ ನೆಪ ಯಾವುದು ಎಂದು ಮಗು ಮೊದಲೇ ಬಲ್ಲದು, ಬಲ್ಲುದರಿಂದಲೇ ಕಾಯುತ್ತದೆ. ಹಾಗೆ ಬಲ್ಲುದಾಗಬೇಕಾದರೆ ಅದನ್ನು ಹತ್ತು ಸಲ ಕೇಳಿರಬೇಕು. ಈ ಕಥೆಗೆ ‘ಒಂದೇ ಓದು’ ನಿಯಮ ಹಚ್ಚಿದರೆ ಬೆನ್ನೆಲುಬೇ ಮುರಿಯಿತು. ನಿರೂಪಣೆ ಮಾಡಿಸಿ ನೋಡಿದರೆ ಇನ್ನೂ ವಿಚಿತ್ರ. ಮಳೆ ಬಂತು, ಮನೆ ಹೋಯಿತು, ಬಾಗಿಲು ಬಡಿಯಿತು ಎಂದು ಕ್ರಮವಾಗಿ ಹೇಳುವ ಮಗು ಜಾಣ ಅನಿಸಿಕೊಳ್ಳುತ್ತದೆ. ಕಥೆಯಲ್ಲಿ ಬರೀ ಕಾಡಿಗೆ ಡಬ್ಬಿಯನ್ನೇ ಹಿಡಿದು ನಿಂತ ಮಗು, ‘ಕಾಗಕ್ಕನ ಮರಿಗಳು ಆವಾಗ ಎಲ್ಲಿದ್ವು?’ ಎಂದು ಕೇಳುವ ಮಗು, ಏನೂ ಹೇಳದೆ ಕಿಟಕಿಯಾಚೆ ಕಾಗೆಗಳನ್ನು ನೋಡುತ್ತ ಕೂತ ಮಗು ಇವೆಲ್ಲ ನಿರೂಪಣೆಯ ಲೆಕ್ಕದಲ್ಲಿ ಗಮನ ಕೊಡದ ಮಕ್ಕಳು. ಕಥೆ ಹೆಚ್ಚು ಆಳಕ್ಕೆ ಇಳಿದದ್ದು ಈ ಮಕ್ಕಳಲ್ಲೇ ಇದ್ದೀತು. ಅದನ್ನು ಅಳೆಯುವ ಸೇರು ಮೇಸನ್ ಹತ್ತಿರ ಇಲ್ಲ. ಸೇರು ಇಲ್ಲದ್ದು ತಪ್ಪಲ್ಲ, ಅಳೆಯಲೇಬೇಕೆಂದು ಹೊರಟದ್ದು ತಪ್ಪು.

ಮೇಸನ್ ಇದನ್ನು ಅರಿಯದವರಲ್ಲ. ‘ಹೋಮ್ ಎಜುಕೇಶನ್’ನಲ್ಲಿ ಇದಕ್ಕೆ ಸಾಕ್ಷಿಯಿದೆ. ಆರು ವರ್ಷ ತುಂಬುವವರೆಗೆ ಮಗುವಿಗೆ ಮನಸ್ಸು ಬಂದಾಗ, ಮನಸ್ಸು ಬಂದಷ್ಟೇ ಹೇಳಲಿ, ಹೇಳೆಂದು ಕೇಳಬೇಡಿ ಎಂದು ಬಾಬಿ ಎಂಬ ಹುಡುಗನ ಹೆಸರು ಹಿಡಿದು ಆಕೆ ಎಚ್ಚರಿಸುತ್ತಾರೆ. ಮಕ್ಕಳಿಗೆ ನಿರೂಪಣೆ ಹುಟ್ಟುಗುಣವಾಗಿ ಬರುತ್ತದೆ, ಅದನ್ನು ಕಲಿಸಬೇಕಿಲ್ಲ ಎಂಬುದು ಅಲ್ಲಿನ ವಾದ. ಬೀದಿಯಲ್ಲಿ ಕಂಡ ನಾಯಿಜಗಳವನ್ನು ಮಗು ಮನೆಗೆ ಬಂದು ಅಂಗಾಂಗ ಕುಣಿಸುತ್ತ ಹೇಳುತ್ತದೆ, ಆ ಶಕ್ತಿಯನ್ನೇ ಪಾಠಕ್ಕೆ ಬಳಸೋಣ ಎಂಬ ಧಾಟಿ. ಇಲ್ಲಿ ಒಂದು ಜಾರಿಕೆ ಇದೆ, ಭಕ್ತರು ಅದರ ಮೇಲೆ ಕಾಲಿಟ್ಟರೂ ಗಮನಿಸದೆ ದಾಟುತ್ತಾರೆ. ನಾಯಿಜಗಳ ಹೇಳುವ ಮಗು ಅದನ್ನು ನೋಡಿರದವರಿಗೆ ಹೇಳುತ್ತದೆ. ಅದರ ಹತ್ತಿರ ಸುದ್ದಿ ಇದೆ, ಕೇಳುವವರ ಹತ್ತಿರ ಇಲ್ಲ, ಆ ಮೇಲುಗೈಯೇ ಅದಕ್ಕೆ ಮಾತು ಕೊಡುತ್ತದೆ. ಪಾಠದ ನಿರೂಪಣೆಯಲ್ಲಿ ಕೇಳುವವರು ಈಗಷ್ಟೇ ಓದಿ ಮುಗಿಸಿದವರು. ತನಗಿಂತ ಚೆನ್ನಾಗಿ ಗೊತ್ತಿರುವವರಿಗೆ ಗೊತ್ತಿರುವುದನ್ನೇ ಹೇಳುವುದಕ್ಕೆ ಲೋಕದಲ್ಲಿ ಪರೀಕ್ಷೆ ಎಂದೇ ಹೆಸರು. ಆರನೇ ಹುಟ್ಟುಹಬ್ಬದ ಹಿಂದಿನ ದಿನ ಉತ್ಸಾಹವಾಗಿದ್ದದ್ದು ಮರುದಿನ ಕರ್ತವ್ಯವಾಗುವುದು ಹೇಗೆ ಎಂಬುದಕ್ಕೆ ಆ ಪುಟಗಳಲ್ಲಿ ನನಗೆ ಉತ್ತರ ಸಿಕ್ಕಿಲ್ಲ.

ಇದಕ್ಕೆ ಸಿದ್ಧ ಸಮಾಧಾನ ಒಂದಿದೆ. ನಿರೂಪಣೆ ಪಾಠದ ಪುಸ್ತಕಕ್ಕೆ ಮಾತ್ರ, ಸಂತೋಷಕ್ಕೆ ಓದುವ ಪುಸ್ತಕಕ್ಕಲ್ಲ. ಮೇಸನ್ ಎರಡನ್ನೂ ಬೇರೆ ಇಟ್ಟಿದ್ದರು. ಹೌದು, ಇಟ್ಟಿದ್ದರು, ಇಡುವ ಅನುಕೂಲ ಅವರಿಗಿತ್ತು. 1892ರಲ್ಲಿ ಆಂಬಲ್‌ಸೈಡ್‌ನಲ್ಲಿ ಅವರು ತೆರೆದ ‘ಹೌಸ್ ಆಫ್ ಎಜುಕೇಶನ್’ ಗವರ್ನೆಸ್‌ಗಳನ್ನು, ಅಂದರೆ ಮನೆಯಲ್ಲಿದ್ದು ಪಾಠ ಹೇಳುವ ಶಿಕ್ಷಕಿಯರನ್ನು, ತಯಾರು ಮಾಡುತ್ತಿತ್ತು. ಅಂಚೆಯ ಮೂಲಕ ಮನೆಮನೆಗೆ ಪ್ರತಿ ಅವಧಿಯ ಪಾಠಕ್ರಮ ಹೋಗುತ್ತಿತ್ತು, ಅವಧಿಯ ಕೊನೆಗೆ ಪರೀಕ್ಷೆಯ ಪ್ರಶ್ನೆಗಳೂ ಹೋಗುತ್ತಿದ್ದವು. ಬರೆಯಲು ಬಾರದ ಚಿಕ್ಕವರು ಬಾಯಲ್ಲಿ ಹೇಳಿದ್ದನ್ನು ದೊಡ್ಡವರು ಬರೆದುಕೊಳ್ಳುತ್ತಿದ್ದರು. ‘ಸ್ಕೂಲ್ ಎಜುಕೇಶನ್’ ಸಂಪುಟದ ಅನುಬಂಧಗಳಲ್ಲಿ ಮಕ್ಕಳ ಉತ್ತರಗಳ ಮಾದರಿಗಳೇ ಇವೆ. ಪ್ರಶ್ನೆಪತ್ರಿಕೆಯಿಂದ ಬಿಡುಗಡೆ ಕೊಟ್ಟವರು ಎಂದು ಆಕೆಯನ್ನು ಹೊಗಳುವವರು ಆ ಅನುಬಂಧಗಳನ್ನೊಮ್ಮೆ ತಿರುವಿ ಹಾಕಬೇಕು. ಗವರ್ನೆಸ್ ಪಾಠದ ಕೋಣೆಯಲ್ಲಿ ಒಪ್ಪಿಸಿಕೊಳ್ಳುತ್ತಿದ್ದರು, ರಾತ್ರಿಯ ಕಥೆಗೆ ಬೇರೆ ಮಡಿಲಿತ್ತು. ಇಂದಿನ ಹೋಮ್‌ಸ್ಕೂಲಿಂಗ್ ಮನೆಯಲ್ಲಿ ಬೆಳಿಗ್ಗೆ ಒಪ್ಪಿಸಿಕೊಳ್ಳುವವಳೂ ರಾತ್ರಿ ಓದಿ ಹೇಳುವವಳೂ ಒಬ್ಬಳೇ ಅಮ್ಮ. ಅದೇ ದಿವಾನ, ಅದೇ ದನಿ, ಕೆಲವೊಮ್ಮೆ ಅದೇ ಪುಸ್ತಕ. ಶಾಲೆಯ ಮಗುವಿಗೆ ಗಂಟೆ ಹೊಡೆದು ಪಾಠ ಮುಗಿಯಿತೆಂದು ತಿಳಿಸುತ್ತಾರೆ. ಈ ಮಗುವಿಗೆ ಯಾರು ತಿಳಿಸಬೇಕು?

ನಿರೂಪಣೆಯಿಂದ ಲಾಭವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಓದಿದ್ದನ್ನು ಪುಸ್ತಕ ಮುಚ್ಚಿ ನೆನಪಿನಿಂದ ಹೊರತೆಗೆಯುವವರಿಗೆ, ಅದನ್ನೇ ಮತ್ತೆ ಓದುವವರಿಗಿಂತ, ವಾರದ ಮೇಲೆ ಹೆಚ್ಚು ನೆನಪಿರುತ್ತದೆ ಎಂದು ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ತೋರಿಸಿದ್ದಾರೆ. ಮೇಸನ್ ಇದನ್ನು ನೂರು ವರ್ಷ ಮೊದಲೇ ಊಹಿಸಿದ್ದರು, ಆ ಶ್ರೇಯಸ್ಸು ಅವರಿಗೆ ಸಲ್ಲಲಿ. ಆದರೆ ಆ ಪ್ರಯೋಗ ಅಳೆದದ್ದು ನೆನಪನ್ನು, ಅದೂ ಕಾಲೇಜು ವಿದ್ಯಾರ್ಥಿಗಳದ್ದು. ಪ್ರೀತಿಯ ಬಗ್ಗೆ ಇನ್ನೊಂದು ಪ್ರಯೋಗ ಹತ್ತಿರದ್ದು. 1973ರಲ್ಲಿ ಲೆಪರ್, ಗ್ರೀನ್, ನಿಸ್ಬೆಟ್ ಎಂಬ ಮನೋವಿಜ್ಞಾನಿಗಳು ಚಿತ್ರ ಬರೆಯುವುದೆಂದರೆ ತಾವಾಗಿಯೇ ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳನ್ನು ಆರಿಸಿಕೊಂಡರು. ಬರೆದರೆ ಪ್ರಶಸ್ತಿಪತ್ರ ಕೊಡುತ್ತೇವೆಂದು ಮೊದಲೇ ಹೇಳಿಸಿಕೊಂಡ ಮಕ್ಕಳು ಆಮೇಲೆ ಆ ಬಣ್ಣದ ಪೆನ್ನುಗಳನ್ನು ಮುಟ್ಟುವುದು ಕಡಿಮೆಯಾಯಿತು. ಅದು ಬಹುಮಾನದ ಪ್ರಯೋಗ, ನಿರೂಪಣೆಯದ್ದಲ್ಲ, ಒಂದನ್ನು ಇನ್ನೊಂದರ ಪುರಾವೆ ಎಂದು ನಾನು ತೂರಿಸುವುದಿಲ್ಲ. ಆದರೂ ತಾನಾಗಿ ಮಾಡುತ್ತಿದ್ದ ಕೆಲಸದ ತುದಿಗೆ ಯಾವುದೋ ವಸೂಲಿ ಕಾದಿದೆ ಎಂದು ಮಗುವಿಗೆ ಗೊತ್ತಾದರೆ ಆ ಕೆಲಸದ ಬಣ್ಣ ಬದಲಾಗುತ್ತದೆ ಎಂಬ ಸಂಶಯಕ್ಕೆ ಅದು ಬಲ ಕೊಡುತ್ತದೆ.

ಇಷ್ಟು ಹೇಳಿದರೆ ನನ್ನನ್ನು ಜಾನ್ ಹೋಲ್ಟ್ ಪಂಗಡಕ್ಕೆ ಸೇರಿಸುವವರಿದ್ದಾರೆ. ಮಕ್ಕಳು ಓದನ್ನು ದ್ವೇಷಿಸುವಂತೆ ಮೇಷ್ಟರುಗಳೇ ಮಾಡುತ್ತಾರೆ ಎಂದು ಹೋಲ್ಟ್ 1967ರಲ್ಲೇ ಬರೆದರು, ಹತ್ತು ವರ್ಷದ ಮೇಲೆ ‘ಗ್ರೋಯಿಂಗ್ ವಿದೌಟ್ ಸ್ಕೂಲಿಂಗ್’ ಪತ್ರಿಕೆ ತೆಗೆದರು. ರೋಗ ಗುರುತಿಸಿದ್ದು ಅವರೇ. ಆದರೆ ಅವರ ಹೆಸರು ಹೇಳುವವರ ಮದ್ದು ಸೋಮಾರಿತನದ್ದು. ಮನೆತುಂಬ ಪುಸ್ತಕ ಹರವಿ, ಮಗುವನ್ನು ಅದರ ಪಾಡಿಗೆ ಬಿಡಿ ಎನ್ನುತ್ತಾರೆ. ಹರವಿದ ಪುಸ್ತಕ ಹರವಿದಲ್ಲೇ ಧೂಳು ತಿನ್ನುತ್ತದೆ. ಅದಕ್ಕೆ ದನಿ ಬೇಕು, ದಿನದಲ್ಲೊಂದು ಹೊತ್ತು ಬೇಕು, ಓದಿ ಹೇಳುವವರು ತಾವೂ ರುಚಿ ಹತ್ತಿದವರಾಗಿರಬೇಕು. ಇನ್ನೊಂದು ಪಂಗಡ ಎಣಿಕೆಯವರದು: ಶಾಲೆ ಸೇರುವ ವಯಸ್ಸಿನೊಳಗೆ ಸಾವಿರ ಪುಸ್ತಕ ಎಂದು ಗೋಡೆಯ ಮೇಲೆ ಚೀಟಿ ಅಂಟಿಸುತ್ತಾರೆ. ಈ ಲೆಕ್ಕದಲ್ಲಿ ಹತ್ತು ಸಲ ಓದಿದ ಒಂದೇ ಪುಸ್ತಕ ಹತ್ತೋ ಒಂದೋ ಎಂದು ಚರ್ಚೆ ಮಾಡುವವರನ್ನು ಕಂಡರೆ ನನಗೆ ಹಾಲಿನ ಡೈರಿ ನೆನಪಾಗುತ್ತದೆ. ಈ ಎಲ್ಲರಿಗಿಂತ ಸರಿಯಾಗಿ ಕಂಡವರು ಫ್ರೆಂಚ್ ಕಾದಂಬರಿಕಾರ ದಾನಿಯೆಲ್ ಪೆನ್ನಾಕ್. ತಾವೇ ಮೇಷ್ಟರಾಗಿದ್ದ ಅವರು 1992ರಲ್ಲಿ ಓದುಗನ ಹತ್ತು ಹಕ್ಕುಗಳನ್ನು ಪಟ್ಟಿ ಮಾಡಿದರು. ಮೊದಲನೆಯದು ಓದದಿರುವ ಹಕ್ಕು, ಎಲ್ಲರೂ ಅದನ್ನೇ ಹೇಳಿ ನಗುತ್ತಾರೆ. ಹತ್ತನೆಯದು ಓದಿದ ಮೇಲೆ ಸುಮ್ಮನಿರುವ ಹಕ್ಕು. ಮೇಸನ್ ಪದ್ಧತಿ ಕಿತ್ತುಕೊಂಡದ್ದು ಸರಿಯಾಗಿ ಅದನ್ನು.

ಸುಮ್ಮನಿರುವ ಕೇಳುಗನ ಬೆಲೆ ನಮ್ಮ ಗಮಕ ಪರಂಪರೆಗೆ ಚೆನ್ನಾಗಿ ಗೊತ್ತು. ಗಮಕಿ ಕುಮಾರವ್ಯಾಸನ ಪದ್ಯ ವಾಚಿಸುತ್ತಾರೆ, ಪಕ್ಕದಲ್ಲಿ ಕೂತ ವ್ಯಾಖ್ಯಾನಕಾರರು ಅರ್ಥ ಬಿಡಿಸುತ್ತಾರೆ, ಜಗಲಿಯ ಮೇಲಿನ ಜನ ತಲೆದೂಗುತ್ತಾರೆ. ಕೆಲವರು ತೂಕಡಿಸುತ್ತಾರೆ. ಎದ್ದು ಹೋಗುವಾಗ ಯಾರನ್ನೂ ಹಿಡಿದು ಇವತ್ತು ಏನು ಕೇಳಿದೆ ಎಂದು ವಿಚಾರಿಸುವುದಿಲ್ಲ, ಅದೇ ಪ್ರಸಂಗ ಮುಂದಿನ ವರ್ಷ ಮತ್ತೆ ಬಂದರೆ ಯಾರೂ ಬೇಡ ಎನ್ನುವುದಿಲ್ಲ. ವ್ಯಾಖ್ಯಾನ ಅತಿಯಾದರೆ ಮೇಸನ್ ಹೇಳುವಂತೆ ಪುಸ್ತಕ ಮತ್ತು ಮಗುವಿನ ನಡುವೆ ದೊಡ್ಡವರು ಅಡ್ಡ ನಿಂತಂತಾಗುತ್ತದೆ, ಆ ಟೀಕೆ ಗಮಕಕ್ಕೂ ತಾಗೀತು. ಆದರೆ ಅಲ್ಲಿ ದುಡಿಯುವವರು ಓದಿ ಹೇಳುವವರು. ಕೇಳುವವರ ಮೇಲೆ ಯಾವ ಬಾಕಿಯೂ ಉಳಿಯುವುದಿಲ್ಲ.

ಕನ್ನಡದ ಹೋಮ್‌ಸ್ಕೂಲಿಂಗ್ ಮನೆಗಳಿಗೆ ಇಲ್ಲೊಂದು ವಿಚಿತ್ರ ಅನುಕೂಲವಿದೆ. ತರಿಸಿಕೊಂಡ ಪಾಠಕ್ರಮ ಇಂಗ್ಲಿಷಿನದು. ಮೇಸನ್ ಬಳಗದ ಪ್ರಸಿದ್ಧ ಪಟ್ಟಿಯಲ್ಲಿ ಮೊದಲ ವರ್ಷವೇ 1905ರ ‘ಅವರ್ ಐಲ್ಯಾಂಡ್ ಸ್ಟೋರಿ’ ಬರುತ್ತದೆ, ಬ್ರಿಟನ್ನಿನ ರಾಜರಾಣಿಯರ ಕಥೆ. ಒಪ್ಪಿಸುವ ಕೆಲಸವೆಲ್ಲ ಆ ಭಾಷೆಯಲ್ಲಿ, ಬೆಳಗಿನ ಹೊತ್ತಿನಲ್ಲಿ. ರಾತ್ರಿ ಓದುವ ಕನ್ನಡ ಪುಸ್ತಕ ಯಾವ ಪಟ್ಟಿಯಲ್ಲೂ ಇಲ್ಲವಾದ್ದರಿಂದ ಅದರ ಲೆಕ್ಕ ಕೇಳುವವರಿಲ್ಲ. ಶಾಲೆಯ ಗಂಟೆ ಮಾಡುತ್ತಿದ್ದ ಕೆಲಸವನ್ನು ಭಾಷೆಯ ಗಡಿಯೇ ಮಾಡಿಕೊಡುತ್ತದೆ. ಇದು ಅನ್ಯಾಯ, ಕನ್ನಡವನ್ನೂ ಪಾಠಕ್ರಮಕ್ಕೆ ಸೇರಿಸಿ, ಕನ್ನಡದ ‘ಜೀವಂತ ಪುಸ್ತಕ’ಗಳ ಪಟ್ಟಿ ತಯಾರಿಸಿ ಎಂದು ಒತ್ತಾಯಿಸುವ ಭಾಷಾಭಿಮಾನಿಗಳ ಮಾತಿಗೆ ನನ್ನ ಅರ್ಧ ಮನಸ್ಸು ಹೂಂ ಅನ್ನುತ್ತದೆ. ಪಟ್ಟಿಗೆ ಸೇರದ ಭಾಷೆ ಹತ್ತು ವರ್ಷದಲ್ಲಿ ಮಕ್ಕಳ ಬಾಯಿಂದಲೇ ಜಾರಿಹೋದೀತು. ಆದರೆ ಪಟ್ಟಿಗೆ ಸೇರಿದ ಮಾರನೇ ದಿನ ಬೆಳಿಗ್ಗೆ, ತಿಂಡಿ ತಟ್ಟೆ ಎತ್ತಿದ ಮೇಲೆ, ಅಮ್ಮ ಒಂದೇ ಸಲ ಓದಿ ಪುಸ್ತಕ ಮುಚ್ಚಿ, ಎಲ್ಲಿ, ಕಾಗಕ್ಕನ ಕಥೆ ಹೇಳು ನೋಡೋಣ ಎನ್ನುತ್ತಾಳೆ.