ಗ್ಯಾಸ್ಟ್ರಿಕ್: ಒಂದೇ ಹೆಸರು, ಒಂದೇ ಮಾತ್ರೆ

“ಸಿಸ್ಟರ್, ಗ್ಯಾಸ್ಟ್ರಿಕ್ ಆಗಿದೆ, ಒಂದು ಮಾತ್ರೆ ಕೊಡ್ರಿ.” ನಮ್ಮ ಹಳ್ಳಿಗಳ ಆರೋಗ್ಯ ಉಪಕೇಂದ್ರಗಳಲ್ಲಿ ಈ ಮಾತು ಕೇಳದ ದಿನವಿಲ್ಲ. ಉಂಡ ಮೇಲೆ ಎದೆ ಉರಿದರೂ ಗ್ಯಾಸ್ಟ್ರಿಕ್, ಹೊಟ್ಟೆ ಉಬ್ಬರಿಸಿದರೂ ಗ್ಯಾಸ್ಟ್ರಿಕ್, ಮೂರು ದಿನದಿಂದ ಮಲವಿಸರ್ಜನೆ ಆಗದಿದ್ದರೂ ಗ್ಯಾಸ್ಟ್ರಿಕ್, ಬೆನ್ನು ಹಿಡಿದುಕೊಂಡರೂ ಗ್ಯಾಸ್ಟ್ರಿಕ್. ಹತ್ತು ತೊಂದರೆಗಳಿಗೆ ಜನ ಒಂದೇ ಹೆಸರಿಟ್ಟರು. ಆ ಹೆಸರಿಗೆ ನಮ್ಮ ಆರೋಗ್ಯ ವ್ಯವಸ್ಥೆ ಒಂದೇ ಮಾತ್ರೆ ಇಟ್ಟಿತು.

2018ರಲ್ಲಿ ಆಯುಷ್ಮಾನ್ ಭಾರತ್ ಯೋಜನೆಯಡಿ ಉಪಕೇಂದ್ರಗಳನ್ನು ಮೇಲ್ದರ್ಜೆಗೇರಿಸಿ, ನರ್ಸಿಂಗ್ ಓದಿದವರನ್ನು ಸಮುದಾಯ ಆರೋಗ್ಯ ಅಧಿಕಾರಿಗಳಾಗಿ ನೇಮಿಸಲು ಶುರುಮಾಡಿದರು. ಬಯಲುಸೀಮೆಯಲ್ಲಿ ಸುಮಾರು 5,000, ಗುಡ್ಡಗಾಡಿನಲ್ಲಿ 3,000 ಜನರಿಗೆ ಒಂದು ಉಪಕೇಂದ್ರ. ಅಲ್ಲಿ ಹೊಟ್ಟೆನೋವೆಂದು ಬಂದವರನ್ನು ಮೊದಲು ನೋಡುವವರು ಇವರೇ. ಆದ್ದರಿಂದ ಇವರು ಹೊಟ್ಟೆಯ ತೊಂದರೆಯನ್ನು ಹೇಗೆ ನೋಡುತ್ತಾರೆ ಎಂಬುದನ್ನು ತೂಗಿನೋಡಬೇಕಾಗಿದೆ.

ಮೊದಲು ಚೆನ್ನಾಗಿ ನಡೆಯುವ ಕೆಲಸ. ಭೇದಿಯಾದ ಮಗು ಬಂದರೆ ತರಬೇತಾದ ನರ್ಸ್‌ಗೆ ದಾರಿ ಸ್ಪಷ್ಟ. ಮಗು ರಚ್ಚೆ ಹಿಡಿದಿದೆಯೇ, ಮಂಕಾಗಿದೆಯೇ? ಕಣ್ಣು ಗುಳಿಬಿದ್ದಿವೆಯೇ? ನೀರು ಕೊಟ್ಟರೆ ಆತುರದಿಂದ ಕುಡಿಯುತ್ತದೆಯೇ, ಕುಡಿಯಲೂ ಆಗದ ಸ್ಥಿತಿಯೇ? ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟರೆ ಮೊದಲಿನಂತಾಗಲು ಎರಡು ಸೆಕೆಂಡಿಗಿಂತ ಹೆಚ್ಚು ಹಿಡಿಯುತ್ತದೆಯೇ? ಈ ನಾಲ್ಕು ಲಕ್ಷಣಗಳಿಂದಲೇ ಮಗುವನ್ನು ಮನೆಗೆ ಕಳಿಸಬೇಕೋ, ಕೇಂದ್ರದಲ್ಲೇ ಕೂರಿಸಿಕೊಂಡು ಕೆಜಿ ತೂಕಕ್ಕೆ 75 ಮಿ.ಲೀ. ಲೆಕ್ಕದಲ್ಲಿ ನಾಲ್ಕು ಗಂಟೆ ಓಆರ್‌ಎಸ್ ಕುಡಿಸಬೇಕೋ, ಕೂಡಲೇ ಆಸ್ಪತ್ರೆಗೆ ಸಾಗಿಸಬೇಕೋ ಎಂಬುದು ತೀರ್ಮಾನವಾಗುತ್ತದೆ. ಉಪಕರಣ ಬೇಡ, ಕಣ್ಣು, ಕೈ, ಕ್ರಮ ಸಾಕು.

ಓಆರ್‌ಎಸ್ ಕುಡಿಸುವ ಈ ವಿದ್ಯೆ ಸಾಮಾನ್ಯರ ಕೈಗೂ ಒಗ್ಗುತ್ತದೆಂದು ತೋರಿಸಿಕೊಟ್ಟವರಲ್ಲಿ ಡಾ. ದಿಲೀಪ್ ಮಹಾಲನಬಿಸ್ ಮುಖ್ಯರು. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ದ್ರಾವಣ ಸಾಲದೇ ಹೋದಾಗ, ಅವರು ಉಪ್ಪು ಸಕ್ಕರೆಯ ದ್ರಾವಣವನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರಿಂದಲೇ ಕುಡಿಸಿದರು. ಸುಮಾರು ಶೇ 30ರಷ್ಟಿದ್ದ ಸಾವಿನ ಪ್ರಮಾಣ ಶೇ 4ಕ್ಕಿಂತ ಕೆಳಗಿಳಿಯಿತು.

ಭೇದಿಯ ಆರೈಕೆಯಲ್ಲೂ ಕೊರತೆ ಇಲ್ಲದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಭೇದಿಯಾದ ಮಕ್ಕಳ ಪೈಕಿ ಓಆರ್‌ಎಸ್ ಸಿಕ್ಕಿದ್ದು ಶೇ 60ರಷ್ಟು ಮಕ್ಕಳಿಗೆ, ಜಿಂಕ್ ಸಿಕ್ಕಿದ್ದು ಶೇ 30ರಷ್ಟು ಮಕ್ಕಳಿಗೆ. ಭೇದಿ ಎರಡು ಮೂರು ದಿನಕ್ಕೆ ನಿಂತರೂ ಜಿಂಕ್ ಮಾತ್ರೆ 14 ದಿನ ಮುಗಿಯಬೇಕು, ಓಆರ್‌ಎಸ್‌ನ ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೇ ಕದಡಬೇಕು ಎಂಬ ಮಾತು ತಾಯಿಗೆ ಮನದಟ್ಟಾಗಿಲ್ಲದಿದ್ದರೆ ಪೊಟ್ಟಣ ಕೊಟ್ಟೂ ಕೊಡದಂತೆ. ಆದರೂ ಇಲ್ಲಿ ತಪ್ಪು ಎಲ್ಲಿದೆಯೆಂದು ಕಾಣುತ್ತದೆ. ಕಂಡ ತಪ್ಪನ್ನು ತಿದ್ದಬಹುದು.

ದೊಡ್ಡವರ ಹೊಟ್ಟೆಯ ವಿಷಯದಲ್ಲಿ ಈ ಕ್ರಮವೇ ಕಾಣೆಯಾಗುತ್ತದೆ. ಆಮ್ಲ ತಗ್ಗಿಸುವ ಮಾತ್ರೆ ಕೈ ಬದಲಾಗುತ್ತದೆ, ಪ್ರಶ್ನೆಗಳು ಹುಟ್ಟುವುದಿಲ್ಲ. ಆ ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆ ಮೊದಲು ನುಂಗಬೇಕೆಂಬ ಒಂದು ಮಾತೂ ಎಷ್ಟೋ ಸಲ ಬಿಟ್ಟುಹೋಗುತ್ತದೆ. ವರ್ಷಗಟ್ಟಲೆ ನುಂಗಿದರೆ ಬಿ12 ಜೀವಸತ್ವ ಕಡಿಮೆಯಾಗಬಹುದೆಂದು ಎಚ್ಚರಿಸುವವರು ಇನ್ನೂ ಅಪರೂಪ.

ಕೇಳಬೇಕಾದ ಮೊದಲ ಪ್ರಶ್ನೆ “ಬೇರೆ ಯಾವ ಮಾತ್ರೆ ತಗೋತಿದ್ದೀರಿ?” ಎಂಬುದು. ಅದೇ ಕೇಂದ್ರದಲ್ಲಿ ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಹೊಟ್ಟೆ ಉಬ್ಬರ, ಭೇದಿ ತರಬಲ್ಲದು. ಬಸುರಿಯರಿಗೆ ಕೊಡುವ ಕಬ್ಬಿಣದ ಮಾತ್ರೆ ಮಲ ಗಟ್ಟಿಮಾಡುತ್ತದೆ, ಕಪ್ಪಾಗಿಸುತ್ತದೆ. ಮೊದಲೇ ತಿಳಿಸದಿದ್ದರೆ ಆಕೆ ಹೆದರಿ ಮಾತ್ರೆ ಬಿಡುತ್ತಾಳೆ. ಮಂಡಿನೋವಿಗೆಂದು ಅಂಗಡಿಯಿಂದ ತಂದು ನುಂಗಿದ ನೋವಿನ ಮಾತ್ರೆಯೂ ಮಲವನ್ನು ಕಪ್ಪಾಗಿಸಬಹುದು, ಆದರೆ ಅದಕ್ಕೆ ಕಾರಣ ಜಠರದ ಹುಣ್ಣಿನಿಂದ ಸೋರುವ ರಕ್ತ. ಮೊದಲಿನವಳಿಗೆ ಸಮಾಧಾನ ಹೇಳಬೇಕು, ಎರಡನೆಯವರನ್ನು ಆಸ್ಪತ್ರೆಗೆ ಕಳಿಸಬೇಕು. ಇವೆರಡನ್ನೂ ಬೇರ್ಪಡಿಸುವುದು ಆ ಒಂದು ಪ್ರಶ್ನೆ.

ಮುಂದಿನದು ಅಪಾಯದ ಗುರುತು. ನುಂಗಲು ಕಷ್ಟ, ಕಾರಣವಿಲ್ಲದೆ ಇಳಿಯುತ್ತಿರುವ ತೂಕ, ನಿಲ್ಲದ ವಾಂತಿ, ರಕ್ತಹೀನತೆ, ನಡುವಯಸ್ಸು ದಾಟಿದ ಮೇಲೆ ಹೊಸದಾಗಿ ಶುರುವಾದ ಅಜೀರ್ಣ ಇವಕ್ಕೆ ಮಾತ್ರೆ ಕೊಟ್ಟು ಕಾಯುವಂತಿಲ್ಲ. ಮಲದಲ್ಲಿ ರಕ್ತ ಕಂಡರೆ “ಉಷ್ಣ ಆಗಿದೆ”, “ಮೂಲವ್ಯಾಧಿ ಇರಬೇಕು” ಎಂದು ಮನೆಯಲ್ಲೇ ತೀರ್ಮಾನಿಸುವ ನಾಡು ನಮ್ಮದು. ಹೆಂಗಸರಂತೂ ನಾಚಿಕೆಯಿಂದ ಬಾಯಿಬಿಡುವುದಿಲ್ಲ. ಅವರಿಂದ ಆ ಮಾತು ಹೊರಡಿಸುವುದೇ ನರ್ಸ್‌ನ ವಿದ್ಯೆ.

ಎಲ್ಲಕ್ಕಿಂತ ಭಯದ್ದು ಹೃದಯಾಘಾತ. ಹೃದಯದ ಕೆಳಭಾಗಕ್ಕೆ ರಕ್ತಪೂರೈಕೆ ನಿಂತಾಗ ನೋವು ಮೇಲುಹೊಟ್ಟೆಯಲ್ಲಿ ಕಾಣಿಸಬಹುದು, ಜೊತೆಗೆ ವಾಂತಿ, ಬೆವರು. ಸಕ್ಕರೆ ಕಾಯಿಲೆಯವರಲ್ಲಿ, ವಯಸ್ಸಾದವರಲ್ಲಿ, ಹೆಂಗಸರಲ್ಲಿ ಎದೆನೋವೇ ಇಲ್ಲದಿರಬಹುದು. ಸೋಡಾ ಕುಡಿದು, ಮಾತ್ರೆ ನುಂಗಿ ಮಲಗಿದರೆ ಕಳೆಯುವುದು ಜೀವ ಉಳಿಸಬಹುದಾದ ಹೊತ್ತು. ಇಂಥವರಿಗೆ ಬೇಕಾದದ್ದು ತಕ್ಷಣ ಇಸಿಜಿ ಮತ್ತು 108ರ ವಾಹನ.

ಈ ಲೋಪದ ಹೊಣೆಯನ್ನು ನರ್ಸ್‌ಗಳ ತಲೆಗೆ ಕಟ್ಟುವುದು ಅನ್ಯಾಯ. ಲಸಿಕೆ, ಹೆರಿಗೆ, ಬಿಪಿ–ಶುಗರ್ ತಪಾಸಣೆ, ಆ್ಯಪ್‌ಗಳಿಗೆ ಅಂಕಿಅಂಶ ತುಂಬುವುದು ಎಲ್ಲವೂ ಅವರ ಮೇಲಿವೆ. ಭೇದಿಯಾದ ಮಗುವಿನ ವಿಷಯದಲ್ಲಿ ಅವರು ಗೆದ್ದಿರುವುದು ಕೈಗೆ ಒಂದು ಕ್ರಮ ಕೊಟ್ಟಿದ್ದರಿಂದ. ದೊಡ್ಡವರ ಹೊಟ್ಟೆನೋವಿಗೂ ಅಷ್ಟೇ ಸರಳವಾದ ಕನ್ನಡದ ಒಂದು ಪುಟ ಪ್ರತಿ ಉಪಕೇಂದ್ರದ ಗೋಡೆಯ ಮೇಲಿರಲಿ: ನೋವು ಎಲ್ಲಿ, ಯಾವಾಗಿನಿಂದ, ಯಾವ ಮಾತ್ರೆ, ಅಪಾಯದ ಗುರುತು ಯಾವುದು, ಯಾರನ್ನು ಈಗಲೇ ಕಳಿಸಬೇಕು. ಓದುಗರಲ್ಲೂ ಒಂದು ಕೋರಿಕೆ. ಮುಂದಿನ ಸಲ ಸಿಸ್ಟರ್ ಮುಂದೆ ಕುಳಿತಾಗ ಗ್ಯಾಸ್ಟ್ರಿಕ್ ಎನ್ನಬೇಡಿ. ಎಲ್ಲಿ, ಹೇಗೆ, ಎಷ್ಟು ದಿನದಿಂದ ಎಂದು ಹೇಳಿ.