ವಂಶಾವಳಿಯಲ್ಲಿ ಕಾಣದ ಹೆಸರು

ಹೀಬ್ರೂ ಧರ್ಮಗ್ರಂಥವನ್ನು ಓದತೊಡಗುವ ವಾಚಕನು ಬಹುಮಟ್ಟಿಗೆ ಬೇಸರಪಡುವುದು ಅದರ ವಂಶಾವಳಿಗಳಲ್ಲಿ. ಆದಿಕಾಂಡದ 5ನೆಯ ಅಧ್ಯಾಯದಲ್ಲಿ ಆದಾಮನಿಂದ ನೋಹನವರೆಗೆ ಹತ್ತು ತಲೆಮಾರು. ಪೂರ್ವಕಾಲವೃತ್ತಾಂತದ ಮೊದಲನೆಯ ಗ್ರಂಥದಲ್ಲಂತೂ ಆರಂಭದ 9 ಅಧ್ಯಾಯಗಳು ಹೆಚ್ಚುಕಡಿಮೆ ಹೆಸರುಗಳೇ. ಇದರಲ್ಲಿ ಸಾಹಿತ್ಯವೆಲ್ಲಿ ಎಂದು ಕೇಳುವವರುಂಟು.

ಮಲೆಬೆನ್ನೂರಿನ ಕಡೆಯವರಾದ ನಮಗೆ ಈ ಪ್ರಶ್ನೆ ಏಳಬಾರದು. ಎತ್ತನ್ನೇರಿ ಗಂಟೆ ಬಾರಿಸುತ್ತ ಬರುವ ಹೆಳವನನ್ನು ಬಲ್ಲವರು ನಾವು. ಒಕ್ಕಲ ಮನೆಯ ಮುಂದೆ ನಿಂತು ಅವನು ಹೇಳುವುದೂ ಹೆಸರುಗಳನ್ನೇ: ಮೂಲಪುರುಷನಾರು, ಯಾವ ಊರು ಬಿಟ್ಟು ಬಂದ, ಮಕ್ಕಳೆಷ್ಟು. ಹೊರಗಿನವನಿಗೆ ಅದು ಬರಿಯ ಪಟ್ಟಿ. ಮನೆಯವರಿಗೆ ತಾವು ಯಾರೆಂಬುದಕ್ಕೆ ಉತ್ತರ. ಹತ್ತಿರದ ಹರಿಹರದಲ್ಲಿ 1224ರಲ್ಲಿ ಹರಿಹರೇಶ್ವರ ದೇವಾಲಯವನ್ನು ಕಟ್ಟಿಸಿದ ಪೊಲಾಳ್ವ ದಂಡನಾಥನ ದೊರೆಗಳಾದ ಹೊಯ್ಸಳರು ತಮ್ಮ ವಂಶವನ್ನು ಯದುವಿನವರೆಗೆ ಒಯ್ದು ಶಾಸನಗಳಲ್ಲಿ ಕೆತ್ತಿಸಿದರು. ಅರಸನಿಗೆ ಕಲ್ಲು, ಒಕ್ಕಲಿಗೆ ಹೆಳವ.

ಆದರೆ ವಂಶಾವಳಿ ನೆನಪಷ್ಟೇ ಅಲ್ಲ, ಹಕ್ಕುಪತ್ರವೂ ಹೌದು. ಬಾಬಿಲೋನಿನ ಸೆರೆಯಿಂದ ಮರಳಿದವರಲ್ಲಿ, ವಂಶದ ದಾಖಲೆ ಸಿಗದ ಕೆಲವರನ್ನು ಯಾಜಕತ್ವದಿಂದ ಹೊರಗಿಟ್ಟರೆಂದು ಎಜ್ರನ ಗ್ರಂಥ ಹೇಳುತ್ತದೆ. ಪಟ್ಟಿಯಲ್ಲಿ ಹೆಸರಿಲ್ಲದವನಿಗೆ ಗುಡಿಯ ಸೇವೆಯಿಲ್ಲ! ಜಾತಿಯ ಕಟ್ಟಿನಲ್ಲಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದಕ್ಕೆ ಎದುರಾಗಿ ಅದೇ ಧರ್ಮಗ್ರಂಥದಲ್ಲಿ ರೂತಳ ಕಥೆಯಿದೆ. ಅವಳು ಮೋವಾಬಿನವಳು. ಮೋವಾಬ್ಯರು ಹತ್ತನೆಯ ತಲೆಯವರೆಗೂ ಸಭೆಯನ್ನು ಸೇರಕೂಡದೆಂಬುದು ಧರ್ಮೋಪದೇಶಕಾಂಡದ ವಿಧಿ. ಆ ಹೆಣ್ಣು ವಿಧವೆಯಾಗಿ, ಅತ್ತೆಯ ಬೆನ್ನುಹಿಡಿದು ಬೆತ್ಲೆಹೇಮಿಗೆ ಬಂದು, ಹಕ್ಕಲು ತೆನೆ ಆಯ್ದು, ಬೋವಜನ ಕೈಹಿಡಿಯುತ್ತಾಳೆ. ಕಥೆ ಮುಗಿಯುವುದು ಹತ್ತು ಹೆಸರುಗಳ ಒಂದು ವಂಶಾವಳಿಯಿಂದ. ಅದರ ಕೊನೆಯ ಹೆಸರು ದಾವೀದ ಅರಸನದು. ಆ ಪಟ್ಟಿಯಲ್ಲಿರುವವರೆಲ್ಲ ಗಂಡಸರೇ, ರೂತಳ ಹೆಸರಿಲ್ಲ. ಆದರೂ ಕಥೆಯನ್ನು ಕೇಳಿದವನು ಬೋವಜನಿಂದ ಓಬೇದನಿಗೆ ದಾಟುವಾಗ ಅವಳನ್ನು ಬಿಟ್ಟು ದಾಟಲಾರ. ವಿಧಿ ಹೊರಗಿಟ್ಟವಳ ಮರಿಮಗನೇ ಅರಸನಾದ. ಕಥೆಗಾರನು ವಾದ ಹೂಡಲಿಲ್ಲ. ಕಥೆಯ ಕೊನೆಗೆ ಪಟ್ಟಿಯನ್ನಿಟ್ಟು ಸುಮ್ಮನಾದ. ಇದಕ್ಕಿಂತ ದೊಡ್ಡ ಕಲೆ ಯಾವುದು?

ನಮ್ಮ ಪಂಪನೂ ‘ವಿಕ್ರಮಾರ್ಜುನ ವಿಜಯ’ದ ಕೊನೆಯಲ್ಲಿ ತನ್ನ ವಂಶವನ್ನು ಹೇಳಿಕೊಂಡಿದ್ದಾನೆ. ಯಜ್ಞಗಳನ್ನು ಮಾಡಿದ ಪೂರ್ವಜ ಮಾಧವ ಸೋಮಯಾಜಿ ಹೋಮದ ಹೊಗೆಯಿಂದ ತನ್ನ ಬೆಳ್ಪಿನ ಕೀರ್ತಿಯನ್ನೇ ಕಪ್ಪಾಗಿಸಿಕೊಂಡನೆಂದು ಹೇಳುವ ಈ ಜೈನ ಕವಿ, ತಂದೆ ಜೈನನಾದುದನ್ನೂ ಮರೆಮಾಚುವುದಿಲ್ಲ. ಒಪ್ಪದ ಪೂರ್ವಜನನ್ನೂ ವಂಶದಿಂದ ಅಳಿಸದ ಈ ನೇರತನ 941ರ ಹೊತ್ತಿಗೇ ಕನ್ನಡಕ್ಕೆ ಬಂದಿತ್ತು.

ವಂಶಾವಳಿಯ ಬೆಲೆ ರಕ್ತದ ಶುದ್ಧಿಯಲ್ಲಿಲ್ಲ, ಕುಲ ಎಲ್ಲಿ ತಿರುಗಿತು, ಯಾರನ್ನು ಒಳಗೊಂಡಿತು ಎಂಬುದನ್ನು ಮರೆಯದಿರುವುದರಲ್ಲಿದೆ ಎಂದು ನಾನು ತಿಳಿದಿದ್ದೇನೆ. ಹೆಸರುಗಳ ಸಾಲನ್ನು ಹಾರಿಸಿ ಓದುವವರು ಎರಡು ಹೆಸರುಗಳ ನಡುವೆ ನಿಂತ ಹೆಣ್ಣನ್ನೂ ಹಾರಿಸಿಬಿಡುತ್ತಾರೆ.