ಬ್ರೆಜಿಲ್‌ನ ಪ್ರತಿರೋಧ ಚಿತ್ರಗಳು ಮತ್ತು ‘ಮರಿಗೆಲ್ಲಾ’

ಬ್ರೆಜಿಲ್ ದೇಶವನ್ನು 1964ರಿಂದ 1985ರವರೆಗೆ ಆಳಿದ ಸೇನಾ ಸರ್ವಾಧಿಕಾರದ ವಿರುದ್ಧ ಶಸ್ತ್ರ ಹಿಡಿದವರನ್ನು ಕುರಿತ ಕಥಾಚಿತ್ರಗಳು ಅಲ್ಲಿನ ಸಿನಿಮಾದಲ್ಲಿ ಒಂದು ಪರಂಪರೆಯೆನ್ನುವಷ್ಟು ಬೆಳೆದಿವೆ. ಸೈನ್ಯ ತೊರೆದು ಬಂಡೆದ್ದ ಕ್ಯಾಪ್ಟನ್ ಕಾರ್ಲೋಸ್ ಲಮಾರ್ಕಾ ಅವರನ್ನು ಕುರಿತ ಸೆರ್ಜಿಯೊ ರೆಜೆಂಡೆಯವರ ‘ಲಮಾರ್ಕಾ’ (1994), ಅಮೆರಿಕದ ರಾಯಭಾರಿಯ ಅಪಹರಣವನ್ನು ವಸ್ತುವಾಗಿಸಿಕೊಂಡ ಬ್ರೂನೊ ಬರೆಟೊ ಅವರ 1997ರ ಚಿತ್ರ, ಗೆರಿಲ್ಲಾ ನಾಯಕ ಕಾರ್ಲೋಸ್ ಮರಿಗೆಲ್ಲಾ ಅವರನ್ನು ಕುರಿತು ವಾಗ್ನರ್ ಮೌರಾ ನಿರ್ದೇಶಿಸಿದ ‘ಮರಿಗೆಲ್ಲಾ’ (2019) ಈ ಸಾಲಿನ ಮುಖ್ಯ ಕೃತಿಗಳು. ಇವುಗಳ ನೈತಿಕ ಧೈರ್ಯ ಪ್ರಶ್ನಾತೀತವಾದರೂ, ಕ್ರಾಂತಿಕಾರಿ ಹೇಗೆ ಸತ್ತನೆಂಬುದನ್ನು ತೋರಿಸುವಲ್ಲಿ ಇವು ಪಡೆದಿರುವ ಪ್ರಭುತ್ವ ಅವನು ಏನನ್ನು ಯೋಚಿಸಿದನೆಂಬುದನ್ನು ತೋರಿಸುವಲ್ಲಿ ಕಾಣುವುದಿಲ್ಲ.

ಈ ಕೊರತೆಗೆ ನಿರ್ದೇಶಕರ ಪ್ರತಿಭೆಗಿಂತ ದೇಶದ ಕಾನೂನೇ ಹೆಚ್ಚು ಕಾರಣವೆನ್ನಬೇಕು. 1979ರ ಕ್ಷಮಾದಾನ ಕಾಯಿದೆಯು ರಾಜಕೀಯ ಅಪರಾಧಗಳನ್ನೂ ಅವುಗಳಿಗೆ ‘ಸಂಬಂಧಪಟ್ಟ’ ಅಪರಾಧಗಳನ್ನೂ ಒಟ್ಟಿಗೆ ಮನ್ನಿಸಿದ್ದರಿಂದ ದೇಶಭ್ರಷ್ಟರು ಮರಳಿ ಬರುವುದು ಸಾಧ್ಯವಾಯಿತು. ಅದೇ ಮಾತಿನ ಮರೆಯಲ್ಲಿ ಚಿತ್ರಹಿಂಸೆ ನೀಡಿದ ಅಧಿಕಾರಿಗಳೂ ಪಾರಾದರು. ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2010ರಲ್ಲಿ ಈ ಅರ್ಥವನ್ನೇ ಎತ್ತಿಹಿಡಿಯಿತು. ನ್ಯಾಯಾಲಯದಲ್ಲಿ ನಡೆಯದ ವಿಚಾರಣೆಯನ್ನು ಸಿನಿಮಾ ತನ್ನ ಹೆಗಲಿಗೆ ಹಾಕಿಕೊಂಡಿತು. ಆದರೆ ವಿಚಾರಣೆಗೆ ಬೇಕಾದವರು ಒಬ್ಬ ಬಲಿಪಶು ಮತ್ತು ಒಬ್ಬ ಆರೋಪಿ ಮಾತ್ರ. ಬಲಿಯಾದವನ ರಾಜಕೀಯ ತರ್ಕ ಸರಿಯೋ ತಪ್ಪೋ ಎಂಬುದು ಅಲ್ಲಿ ಅಪ್ರಸ್ತುತ.

‘ಮರಿಗೆಲ್ಲಾ’ ಈ ಇಕ್ಕಟ್ಟನ್ನು ಅತ್ಯಂತ ಸ್ಪಷ್ಟವಾಗಿ ತೋರುತ್ತದೆ. ರೈಲು ದರೋಡೆಯ ಆರಂಭದ ದೃಶ್ಯದಲ್ಲಿ ಕ್ಯಾಮೆರಾ ಬೋಗಿಯ ಇಕ್ಕಟ್ಟಿನೊಳಗೆ ಬಂದೂಕುಧಾರಿಗಳ ಬೆನ್ನಿಗಂಟಿಕೊಂಡೇ ಚಲಿಸುವುದರಿಂದ, ಪ್ರೇಕ್ಷಕನಿಗೆ ದೂರ ನಿಂತು ತೂಗಿನೋಡುವ ಅವಕಾಶವೇ ಸಿಗುವುದಿಲ್ಲ. ಇದು ನಿಜಕ್ಕೂ ಸಮರ್ಥ ಚಿತ್ರಣ. ಆದರೆ ಈ ಉಸಿರುಗಟ್ಟಿಸುವ ಸಾಮೀಪ್ಯವೇ ಚಿತ್ರದುದ್ದಕ್ಕೂ ಮುಂದುವರಿದು, ಚರ್ಚೆಯ ದೃಶ್ಯಗಳು ಎರಡು ಗುಂಡಿನ ಕಾಳಗಗಳ ನಡುವಿನ ಬಿಡುವುಗಳಾಗಿ ಉಳಿಯುತ್ತವೆ. ಸಾವೊ ಪೌಲೊ ನಗರದ ರಾಜಕೀಯ ಪೊಲೀಸ್ ಅಧಿಕಾರಿ ಸೆರ್ಜಿಯೊ ಫ್ಲೆರಿಯನ್ನು ಹೋಲುವ ಪಾತ್ರಕ್ಕೆ ಲೂಸಿಯೊ ಎಂಬ ಬೇರೆ ಹೆಸರಿದ್ದರೂ, ಬ್ರೂನೊ ಗಾಲ್ಯಾಸೊ ಅವರ ಅಭಿನಯದಲ್ಲಿ ಅವನು ಆ ಪಾತ್ರದ ಹೊರೆಯನ್ನು ಮೀರಿ ಇಡೀ ವ್ಯವಸ್ಥೆಯ ಕ್ರೌರ್ಯವನ್ನು ಒಬ್ಬನೇ ಹೊತ್ತವನಂತೆ ಕಾಣುತ್ತಾನೆ. ಅವನ ಹಿಂದಿದ್ದ ಸೇನಾಧಿಕಾರಿಗಳ ಸರಪಳಿ ಮಸುಕಾಗುತ್ತದೆ.

ಚಿತ್ರದ ಕಾಲವ್ಯಾಪ್ತಿ ಬಹುಮಟ್ಟಿಗೆ 1964ರ ನಂತರದ ಐದು ವರ್ಷಗಳದು; ನಾಯಕನ ಅದಕ್ಕೂ ಹಿಂದಿನ ಬದುಕು ಹೆಚ್ಚಾಗಿ ಹೊರಗೇ ಉಳಿಯುತ್ತದೆ. 1911ರಲ್ಲಿ ಸಾಲ್ವಡಾರ್‌ನಲ್ಲಿ ಹುಟ್ಟಿದ ಕಾರ್ಲೋಸ್ ಮರಿಗೆಲ್ಲಾ ಶಾಲೆಯಲ್ಲಿ ಭೌತಶಾಸ್ತ್ರದ ಪ್ರಶ್ನೆಗೆ ಪದ್ಯದಲ್ಲಿ ಉತ್ತರ ಬರೆದವರು, ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಮ್ಯುನಿಸ್ಟ್ ಪಕ್ಷದಲ್ಲಿದ್ದವರು, 1946ರ ಸಂವಿಧಾನ ರಚನಾಸಭೆಯಲ್ಲಿ ಕುಳಿತು ಪಕ್ಷ ನಿಷೇಧಗೊಂಡ ಮೇಲೆ ಸ್ಥಾನ ಕಳೆದುಕೊಂಡವರು. ಕಾನೂನುಬದ್ಧ ರಾಜಕಾರಣದ ಬಾಗಿಲು ಎರಡು ಬಾರಿ ಮುಚ್ಚಿದ್ದನ್ನು ಕಂಡವರೆಂಬುದು ಗೊತ್ತಾಗದೆ, ಅವರು 1967ರಲ್ಲಿ ಪಕ್ಷವನ್ನು ಎದುರುಹಾಕಿಕೊಂಡು ಮರುವರ್ಷ ‘ರಾಷ್ಟ್ರೀಯ ವಿಮೋಚನಾ ಕ್ರಿಯೆ’ ಎಂಬ ಸಶಸ್ತ್ರ ಸಂಘಟನೆ ಕಟ್ಟಿದ್ದರ ಅರ್ಥ ತಿಳಿಯದು. ಜನಬೆಂಬಲವಿಲ್ಲದ ನಗರ ಗೆರಿಲ್ಲಾ ಹೋರಾಟ, ಅಂದರೆ ಸಣ್ಣ ಗುಂಪುಗಳು ಪಟ್ಟಣದ ಬೀದಿಗಳಲ್ಲೇ ನಡೆಸುವ ಮರೆಯುದ್ಧ, ಎಷ್ಟು ದಿನ ಬಾಳೀತೆಂಬ ಹಳೆಯ ಸಂಗಾತಿಗಳ ಆಕ್ಷೇಪಣೆಗೆ ತೂಕವಿತ್ತು. ಆದರೆ ಆಕ್ಷೇಪಣೆ ಗಟ್ಟಿಯಾಗುವ ಮೊದಲೇ ಚಿತ್ರ ಅದನ್ನು ದಾಟಿಹೋಗುತ್ತದೆ.

ಮರಿಗೆಲ್ಲಾ ಪಾತ್ರಕ್ಕೆ ನಟ ಸೆಉ ಜಾರ್ಜ್ ಅವರ ಆಯ್ಕೆ ಮಾತ್ರ ಈ ಮಾತಿಗೆ ಅಪವಾದ. ನಿಜವಾದ ಮರಿಗೆಲ್ಲಾ ಇಷ್ಟು ಕಪ್ಪಗಿರಲಿಲ್ಲವೆಂಬ ಟೀಕೆ ಬಂದರೂ, ಇಟಲಿಯ ವಲಸಿಗ ತಂದೆ ಮತ್ತು ಆಫ್ರಿಕನ್ ಗುಲಾಮರ ವಂಶದ ತಾಯಿಯ ಮಗನಲ್ಲಿ ಈ ಎರಡನೆಯ ಎಳೆಯನ್ನು ಎತ್ತಿ ತೋರಿಸಿದ್ದು ಸುಮ್ಮನೆ ಮಾಡಿದ ಆಯ್ಕೆಯಲ್ಲ, ಅದೊಂದು ವ್ಯಾಖ್ಯಾನ. ಬಲಪಂಥೀಯ ಅಧ್ಯಕ್ಷ ಬೋಲ್ಸನಾರೊ ಕಾಲದಲ್ಲಿ ತಡವಾಗಿ, 2021ರ ನವೆಂಬರ್ 4ರಂದು, ನಾಯಕ ಸಾವೊ ಪೌಲೊದಲ್ಲಿ ಪೊಲೀಸರ ಹೊಂಚುದಾಳಿಗೆ ಬಲಿಯಾಗಿ 52 ವರ್ಷ ತುಂಬಿದ ದಿನ, ಬ್ರೆಜಿಲ್‌ನ ಚಿತ್ರಮಂದಿರಗಳಿಗೆ ಬಂದ ಚಿತ್ರಕ್ಕೆ ಈ ವ್ಯಾಖ್ಯಾನದ ಹರಿತ ಇನ್ನಷ್ಟು ಹೆಚ್ಚಿತು.

ವಾಲ್ಟರ್ ಸಾಲೆಸ್ ಅವರ ‘ಐಂಡ ಎಸ್ತೊ ಅಕಿ’ (2024) ಈ ಪರಂಪರೆಯನ್ನು ಭೂಗತ ಅಡಗುತಾಣದಿಂದ ಮನೆಯ ಪಡಸಾಲೆಗೆ ತಂದು, 1971ರಲ್ಲಿ ಸರ್ವಾಧಿಕಾರ ಎಳೆದೊಯ್ದು ಕೊಂದ ಮಾಜಿ ಸಂಸದ ರೂಬೆನ್ಸ್ ಪೈವಾ ಅವರ ಪತ್ನಿ ಯೂನಿಸ್ ಅವರನ್ನು ಕೇಂದ್ರದಲ್ಲಿಟ್ಟಿತು. ‘ಮರಿಗೆಲ್ಲಾ’ದಲ್ಲಿ, ಸ್ವತಃ ಕಮ್ಯುನಿಸ್ಟ್ ಕಾರ್ಯಕರ್ತೆಯಾಗಿದ್ದ ನಾಯಕನ ಬಾಳಸಂಗಾತಿ ಕ್ಲಾರಾ ಶಾರ್ಫ್ ಅವರಿಗೆ ಸಿಗದ ಜಾಗ ಇಲ್ಲಿ ಯೂನಿಸ್‌ಗೆ ಸಿಕ್ಕಿತು. ಆದರೂ ಪೈವಾ 1964ರಲ್ಲಿ ಸಂಸತ್ ಸ್ಥಾನ ಕಳೆದುಕೊಂಡದ್ದು ಯಾವ ನಿಲುವಿಗಾಗಿ ಎಂಬುದು ಆ ಚಿತ್ರದಲ್ಲೂ ಹಿನ್ನೆಲೆಯಲ್ಲೇ ಉಳಿಯುತ್ತದೆ.